ಕಾನೂನು ಪ್ರಶ್ನೋತ್ತರ: ವಿಶ್ವಸಂಸ್ಥೆಯ ಒಡಂಬಡಿಕೆ ನಮ್ಮ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ?

ಮಕ್ಕಳ ಹಕ್ಕುಗಳ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಶಾಲೆ, ಮದುವೆ, ದುಡಿಮೆ, ಮಗುವಿನ ಸುಪರ್ದಿ ಎಂದು ವಿಷಯಗಳು ಬೇರೆಬೇರೆಯಾಗಿದ್ದರೂ ಬಹುಪಾಲು ಪತ್ರಗಳಲ್ಲಿರುವ ಸಂದೇಹ ಒಂದೇ: ಭಾರತ ಒಪ್ಪಿಕೊಂಡಿರುವ ಅಂತರರಾಷ್ಟ್ರೀಯ ಒಡಂಬಡಿಕೆಗಳಿಗೆ ಇಲ್ಲಿ ಕಾನೂನಿನ ಬಲ ಇದೆಯೇ, ಇಲ್ಲವೇ? ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪಾಲಕರೊಬ್ಬರು, "ನಾಲ್ಕು ಏಟು ಬಿದ್ದರೇ ಹುಡುಗರು ದಾರಿಗೆ ಬರೋದು, ನೀವು ಹೊಡೀರಿ ಟೀಚರ್" ಎಂದರು. ಮಕ್ಕಳನ್ನು ಹೊಡೆಯುವುದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ವಿರುದ್ಧ, ಅದಕ್ಕೆ ಭಾರತ ಸಹಿ ಹಾಕಿದೆ ಎಂದು ನಾನು ಹೇಳಿದೆ. ಸಭೆಯಲ್ಲಿದ್ದ ವಕೀಲರೊಬ್ಬರು, "ಆ ಕಾಗದ ನಮ್ಮ ಕೋರ್ಟಿನಲ್ಲಿ ನಡೆಯೋದಿಲ್ಲ ಮೇಡಂ" ಎಂದರು. ಎಲ್ಲರೂ ಸುಮ್ಮನಾದರು. ಯಾರು ಹೇಳಿದ್ದು ಸರಿ?
(ಶಿಕ್ಷಕಿ, ಶಿರಹಟ್ಟಿ ತಾಲ್ಲೂಕು)

ಉತ್ತರ: ಮಗುವನ್ನು ಹೊಡೆಯಬಾರದು ಎಂಬ ನಿಮ್ಮ ಮಾತು ಪೂರ್ತಿ ಸರಿ. ವಕೀಲರ ಮಾತು ಅರ್ಧ ಸರಿ. ಆದರೆ ಆ ಅರ್ಧ ಸತ್ಯವನ್ನು ಕೇಳಿ ಸಭೆ ಸುಮ್ಮನಾಯಿತೆಂಬುದು ನನಗೆ ಬೇಸರ ತಂದಿದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆಯ ಮಹಾಸಭೆ 1989ರ ನವೆಂಬರ್ 20ರಂದು ಅಂಗೀಕರಿಸಿತು; ಅದು ಜಾರಿಗೆ ಬಂದದ್ದು 1990ರ ಸೆಪ್ಟೆಂಬರ್ 2ರಂದು. ಭಾರತ ಅದಕ್ಕೆ ಸೇರಿದ್ದು 1992ರ ಡಿಸೆಂಬರ್ 11ರಂದು. ಅದರಲ್ಲಿ 54 ವಿಧಿಗಳಿವೆ. ಶಾಲೆಯ ಶಿಸ್ತು ಮಗುವಿನ ಮಾನವ ಘನತೆಗೆ ಹೊಂದುವಂತೆ ಇರಬೇಕೆಂದು 28ನೆಯ ವಿಧಿಯೂ, ದೈಹಿಕ ಹಾಗೂ ಮಾನಸಿಕ ಹಿಂಸೆಯಿಂದ ಮಗುವನ್ನು ರಕ್ಷಿಸಬೇಕೆಂದು 19ನೆಯ ವಿಧಿಯೂ ಹೇಳುತ್ತವೆ. ಈ ಮಾತುಗಳನ್ನು ಪಾಲಿಸುತ್ತೇನೆಂದು ಭಾರತ ಸರ್ಕಾರ ಉಳಿದ ರಾಷ್ಟ್ರಗಳ ಮುಂದೆ ವಚನ ಕೊಟ್ಟಿದೆ, ಆ ವಚನಕ್ಕೆ ಅದು ಬದ್ಧವಾಗಿದೆ. ಆದರೆ ಸರ್ಕಾರ ಹೊರಗೆ ಕೊಟ್ಟ ವಚನ ತಾನಾಗಿಯೇ ದೇಶದೊಳಗಿನ ಕಾನೂನಾಗುವುದಿಲ್ಲ. ಕಾನೂನು ಮಾಡುವ ಅಧಿಕಾರ ಇರುವುದು ಶಾಸನಸಭೆಗೆ. ಕಾರ್ಯಾಂಗ ಒಂದು ಕಾಗದಕ್ಕೆ ಒಪ್ಪಿಗೆ ಕೊಟ್ಟ ಮಾತ್ರಕ್ಕೆ ನಾಗರಿಕರ ಹಕ್ಕು ಬಾಧ್ಯತೆಗಳು ಬದಲಾಗುವಂತಿದ್ದರೆ ಸಂಸತ್ತಿಗೆ ಅರ್ಥವೇ ಇರುತ್ತಿರಲಿಲ್ಲ. ಅದಕ್ಕೆಂದೇ ಸಂವಿಧಾನದ 253ನೆಯ ವಿಧಿ, ಅಂತರರಾಷ್ಟ್ರೀಯ ಒಪ್ಪಂದಗಳನ್ನು ಜಾರಿಗೊಳಿಸಲು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ; ವಿಷಯ ರಾಜ್ಯ ಪಟ್ಟಿಯಲ್ಲಿದ್ದರೂ ಈ ಅಧಿಕಾರಕ್ಕೆ ಅಡ್ಡಿಯಿಲ್ಲ. ಅಂತರರಾಷ್ಟ್ರೀಯ ಕಾನೂನಿಗೂ ಒಪ್ಪಂದದ ಬಾಧ್ಯತೆಗಳಿಗೂ ಗೌರವ ಬೆಳೆಸಲು ರಾಜ್ಯವು ಯತ್ನಿಸಬೇಕೆಂದು 51ನೆಯ ವಿಧಿ ಹೇಳುತ್ತದೆ, ಆದರೆ ಅದು ನಿರ್ದೇಶಕ ತತ್ವಗಳ ಭಾಗದಲ್ಲಿದೆ, ಅಂದರೆ ನ್ಯಾಯಾಲಯದ ಮೂಲಕ ಅದನ್ನು ಜಾರಿ ಮಾಡಿಸಲಾಗದು.

ವಕೀಲರ ಮಾತು ಸರಿಯಿರುವುದು ಇಲ್ಲಿಯವರೆಗೆ. ಇನ್ನು ಅವರು ಬಿಟ್ಟದ್ದನ್ನು ನೋಡೋಣ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚ್ಚಿನ್ ಎಂಬ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. ಸಾಲ ತೀರಿಸಲಾಗದವರನ್ನು ಸಿವಿಲ್ ಜೈಲಿಗೆ ಹಾಕಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಒಪ್ಪಂದವನ್ನು ತೀರಿಸಲಾಗದ ಕಾರಣಕ್ಕೆ ಯಾರನ್ನೂ ಸೆರೆಯಲ್ಲಿಡಬಾರದೆಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ಹೇಳುತ್ತದೆ. ನಮ್ಮ ಕಾನೂನು ಬದಲಾಗುವ ತನಕ ನ್ಯಾಯಾಲಯ ಆ ಒಡಂಬಡಿಕೆಯನ್ನು ನೇರವಾಗಿ ಜಾರಿಗೊಳಿಸುವುದಿಲ್ಲವೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸ್ಪಷ್ಟವಾಗಿ ಬರೆದರು. ಅದೇ ತೀರ್ಪಿನಲ್ಲಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೆಯ ಕಲಮನ್ನು ಆ ಒಡಂಬಡಿಕೆಯ ಆಶಯಕ್ಕೆ ಹತ್ತಿರವಾಗುವಂತೆ ಅರ್ಥೈಸಿ, ಬಡತನವೊಂದೇ ಕಾರಣಕ್ಕೆ ಯಾರನ್ನೂ ಜೈಲಿಗೆ ಕಳುಹಿಸಬಾರದೆಂದೂ ಹೇಳಿದರು. ತೀರ್ಪಿನ ಮೊದಲ ಭಾಗ ನಿಮ್ಮ ಸಭೆಯ ವಕೀಲರಿಗೆ ಗೊತ್ತಿದೆ. ಎರಡನೆಯ ಭಾಗವೂ ಅಷ್ಟೇ ಗಟ್ಟಿಯಾದ ಕಾನೂನು.

1997ರ ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ಆಗ ದೇಶದಲ್ಲಿ ಪ್ರತ್ಯೇಕ ಕಾನೂನೇ ಇರಲಿಲ್ಲ. ಕಾನೂನು ಮೌನವಾಗಿರುವ ಕಡೆ, ನಮ್ಮ ಮೂಲಭೂತ ಹಕ್ಕುಗಳಿಗೆ ವಿರುದ್ಧವಾಗಿರದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಆ ಹಕ್ಕುಗಳ ಒಳಗೇ ಸೇರಿಸಿ ಓದಬಹುದೆಂದು ನ್ಯಾಯಾಲಯ ಹೇಳಿತು. ಅದಕ್ಕೆ ಆಧಾರವಾಗಿ ಉಲ್ಲೇಖಿಸಿದ ತೀರ್ಪುಗಳಲ್ಲಿ ಒಂದು ಆಸ್ಟ್ರೇಲಿಯಾದ ಹೈಕೋರ್ಟಿನದು, 1995ರ ಟಿಯೊ ಪ್ರಕರಣ. ಅದು ಮಕ್ಕಳ ಹಕ್ಕುಗಳ ಒಡಂಬಡಿಕೆಗೇ ಸಂಬಂಧಿಸಿದ್ದು: ತಂದೆಯನ್ನು ಗಡೀಪಾರು ಮಾಡುವ ಮುನ್ನ ಅವನ ಮಕ್ಕಳ ಹಿತವನ್ನು ಅಧಿಕಾರಿ ಮುಖ್ಯವಾಗಿ ಪರಿಗಣಿಸಬೇಕಿತ್ತೇ ಎಂಬುದು ವಿವಾದ. ಸರ್ಕಾರ ಒಡಂಬಡಿಕೆಯನ್ನು ಅನುಮೋದಿಸಿದೆಯೆಂದರೆ, ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆಂದು ನಿರೀಕ್ಷಿಸುವ ನ್ಯಾಯಸಮ್ಮತ ಅಧಿಕಾರ ಜನರಿಗೆ ಬರುತ್ತದೆಂದು ಅಲ್ಲಿನ ನ್ಯಾಯಾಲಯ ಹೇಳಿತ್ತು.

ನಿಮ್ಮ ಶಾಲೆಯ ಪ್ರಶ್ನೆಗೇ ಬಂದರೆ, ನೀವು ವಿಶ್ವಸಂಸ್ಥೆಯ ತನಕ ಹೋಗುವ ಅಗತ್ಯವೇ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಹೊಡೆದವರ ಮೇಲೆ ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮಕ್ಕೂ ಅವಕಾಶ ಕೊಟ್ಟಿದೆ. ಪಾಲಕರು "ಹೊಡೀರಿ" ಎಂದು ಒಪ್ಪಿಗೆ ಕೊಟ್ಟರೆ ಆ ನಿಷೇಧ ಸಡಿಲವಾಗುವುದಿಲ್ಲ. ಮುಂದಿನ ಸಭೆಯಲ್ಲಿ ಮೊದಲು ಆ ಕಲಮನ್ನು ಓದಿ ಹೇಳಿ, ಅನಂತರ ಒಡಂಬಡಿಕೆಯನ್ನು ಉಲ್ಲೇಖಿಸಿ. ಈ ಕಾಯ್ದೆಯ ವ್ಯಾಪ್ತಿ 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ. ಅದು ತಲುಪದ ಕಡೆ ಒಡಂಬಡಿಕೆಯ ಬೆಲೆ ಹೆಚ್ಚಾಗುತ್ತದೆ. ಈ ಕಾಯ್ದೆ ಹುಟ್ಟುವುದಕ್ಕೂ ಮೊದಲೇ, 2000ದಲ್ಲಿ, ದೆಹಲಿಯ ಶಾಲಾ ನಿಯಮಗಳಲ್ಲಿ ಬೆತ್ತದೇಟಿಗೆ ಇದ್ದ ಅವಕಾಶವನ್ನು ದೆಹಲಿ ಹೈಕೋರ್ಟ್ ರದ್ದುಪಡಿಸಿತು. ಸಂವಿಧಾನದ 21ನೆಯ ವಿಧಿಯ ಜೊತೆಗೆ ಆ ತೀರ್ಪು ಊರುಗೋಲಾಗಿ ಹಿಡಿದದ್ದು ಇದೇ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು.

ಪ್ರಶ್ನೆ: ಒಡಂಬಡಿಕೆ ಒಂದು ಹೇಳಿ, ಸಂಸತ್ತಿನ ಕಾಯ್ದೆ ಅದಕ್ಕೆ ವಿರುದ್ಧವಾದುದನ್ನು ಹೇಳಿದರೆ ಯಾವುದು ಮೇಲು? ಬಾಲನ್ಯಾಯ ಕಾಯ್ದೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸುವಿರಾ?
(ಕಾನೂನು ವಿದ್ಯಾರ್ಥಿ, ಧಾರವಾಡ)

ಉತ್ತರ: ಎರಡನ್ನೂ ಹೊಂದಿಸಿ ಓದಲು ಸಾಧ್ಯವಿರುವಷ್ಟು ಕಾಲ ನ್ಯಾಯಾಲಯ ಹೊಂದಿಸಿಯೇ ಓದುತ್ತದೆ. ಹೊಂದಿಸಲು ಸಾಧ್ಯವೇ ಇಲ್ಲದಷ್ಟು ನೇರ ಘರ್ಷಣೆ ಇದ್ದರೆ ದೇಶದ ಕಾನೂನೇ ಮೇಲು. ನೇಪಾಳಕ್ಕೆ ಸಾಗಿಸುತ್ತಿದ್ದ ನಕಲಿ ಕ್ಯಾಸೆಟ್‌ಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲಿ ಕೊಟ್ಟ ಗ್ರಾಮಫೋನ್ ಕಂಪನಿ ಪ್ರಕರಣದ ತೀರ್ಪನ್ನು ನೀವು ಪಠ್ಯದಲ್ಲಿ ಓದಿರಬಹುದು. ನಿಯಮ ಅಲ್ಲಿ ಖಚಿತವಾಗಿದೆ.

ಅಪರಾಧದ ಆರೋಪ ಹೊತ್ತ ಮಕ್ಕಳನ್ನು ವಯಸ್ಕರಿಂದ ಬೇರೆಯಾಗಿ ವಿಚಾರಿಸುವ ಬಾಲನ್ಯಾಯ ಕಾಯ್ದೆಯ ಚರಿತ್ರೆಯಲ್ಲಿ ಒಡಂಬಡಿಕೆಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ಕಾಣಬಹುದು. 1986ರ ಕಾಯ್ದೆಯಲ್ಲಿ ಹುಡುಗಿಯರಿಗೆ 18, ಹುಡುಗರಿಗೆ 16 ಎಂದು ಬೇರೆಬೇರೆ ವಯೋಮಿತಿಗಳಿದ್ದವು. ಒಡಂಬಡಿಕೆಯ ಮೊದಲ ವಿಧಿ, ದೇಶದ ಕಾನೂನಿನ ಪ್ರಕಾರ ಅದಕ್ಕೂ ಮೊದಲೇ ಪ್ರಾಪ್ತ ವಯಸ್ಸು ಬಂದಿರದಿದ್ದರೆ, 18 ತುಂಬದ ಪ್ರತಿಯೊಬ್ಬರನ್ನೂ ಮಗುವೆಂದೇ ಪರಿಗಣಿಸುತ್ತದೆ. 2000ದಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿದಾಗ ಅದರ ಪೀಠಿಕೆಯಲ್ಲೇ ಒಡಂಬಡಿಕೆಯನ್ನು ಹೆಸರಿಸಿ, ಇಬ್ಬರಿಗೂ 18 ಎಂದು ನಿಗದಿ ಮಾಡಿತು. 16 ದಾಟಿದ್ದ ಎಷ್ಟೋ ಹುಡುಗರು ವಯಸ್ಕರ ಜೈಲಿನ ಬದಲು ಬಾಲನ್ಯಾಯ ಮಂಡಳಿಯ ಮುಂದೆ ಬರುವಂತಾದದ್ದು ಹೀಗೆ.

2012ರ ಡಿಸೆಂಬರಿನ ದೆಹಲಿಯ ಸಾಮೂಹಿಕ ಅತ್ಯಾಚಾರದ ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಿರಲಿಲ್ಲ; ಆ ಘಟನೆಯ ನಂತರ ಗಾಳಿ ತಿರುಗಿತು. ವಯೋಮಿತಿಯನ್ನು ಇಳಿಸಬೇಕೆಂಬ ಕೂಗನ್ನು ನ್ಯಾಯಮೂರ್ತಿ ವರ್ಮಾ ಸಮಿತಿ ಒಪ್ಪಲಿಲ್ಲ, 2013ರಲ್ಲಿ ಸುಪ್ರೀಂ ಕೋರ್ಟೂ ಸಲಿಲ್ ಬಾಲಿ ಪ್ರಕರಣದಲ್ಲಿ ಒಪ್ಪಲಿಲ್ಲ. ಆದರೆ 2015ರ ಕಾಯ್ದೆಯ 15ನೆಯ ಕಲಂ, ಘೋರ ಅಪರಾಧದ ಆರೋಪ ಹೊತ್ತ 16ರಿಂದ 18ರ ನಡುವಿನ ಮಕ್ಕಳನ್ನು, ಮಂಡಳಿಯ ಪ್ರಾಥಮಿಕ ಪರಿಶೀಲನೆಯ ನಂತರ, ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ದಾರಿ ಮಾಡಿತು. ಇದು ಒಡಂಬಡಿಕೆಗೆ ಹೊಂದುವುದಿಲ್ಲವೆಂದು ಸಂಸತ್ತಿನ ಸ್ಥಾಯಿ ಸಮಿತಿಯೇ ಆಕ್ಷೇಪಿಸಿತ್ತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 16 ಮತ್ತು 17ರ ಮಕ್ಕಳಿಗೆ ಇಂಥ ವಿನಾಯಿತಿಗಳನ್ನು ಮಾಡಬಾರದೆಂದು 2007ರಲ್ಲೇ ಹೇಳಿತ್ತು. ಆದರೂ 15ನೆಯ ಕಲಂ ಇಂದು ಈ ದೇಶದ ಕಾನೂನು, ಒಡಂಬಡಿಕೆಯನ್ನು ತೋರಿಸಿ ಅದನ್ನು ತಪ್ಪಿಸಲಾಗದು. ಆ ಕಲಂ ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಅಪರಾಧದ ಭೀಕರತೆಯನ್ನು ನೋಡಿ ಆರೋಪಿಯ ವಯಸ್ಸಿನ ಲೆಕ್ಕವನ್ನೇ ಬದಲಿಸಿದರೆ ಬಾಲ್ಯವೆಂಬ ರಕ್ಷಣೆಗೆ ಉಳಿಯುವುದೇನು? ಹಾಗಿದ್ದೂ ಒಡಂಬಡಿಕೆಯ ಒಂದು ಗೆರೆಯನ್ನು ಸಂಸತ್ತು ದಾಟಲಿಲ್ಲವೆಂಬುದನ್ನು ಗಮನಿಸಿ: ಅದರ 37ನೆಯ ವಿಧಿ ಮಕ್ಕಳಿಗೆ ಮರಣದಂಡನೆಯನ್ನೂ ಬಿಡುಗಡೆಯ ಅವಕಾಶವಿಲ್ಲದ ಜೀವಾವಧಿ ಶಿಕ್ಷೆಯನ್ನೂ ನಿಷೇಧಿಸುತ್ತದೆ, 2015ರ ಕಾಯ್ದೆಯ 21ನೆಯ ಕಲಂ ಅದನ್ನೇ ಹೇಳುತ್ತದೆ.

ಅಧ್ಯಯನಕ್ಕೆ ಇನ್ನೊಂದು ತೀರ್ಪನ್ನು ಸೂಚಿಸುತ್ತೇನೆ, 2017ರ ಇಂಡಿಪೆಂಡೆಂಟ್ ಥಾಟ್ ಪ್ರಕರಣ. 15 ದಾಟಿದ ಹೆಂಡತಿಯ ಮೇಲೆ ಗಂಡ ನಡೆಸುವ ಲೈಂಗಿಕ ಕ್ರಿಯೆ ಅತ್ಯಾಚಾರವಲ್ಲ ಎನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 18 ಎಂದು ಓದಿತು. ತೀರ್ಪು ನಿಂತದ್ದು ಸಂವಿಧಾನದ 14, 15, 21ನೆಯ ವಿಧಿಗಳ ಮೇಲೆ ಮತ್ತು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ ಮೇಲೆ. ಒಡಂಬಡಿಕೆ ಅವುಗಳ ಬೆನ್ನಿಗೆ ನಿಂತಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲಿ 18 ಎಂದೇ ಇದೆ.

ಪ್ರಶ್ನೆ: ನಮ್ಮೂರಿನಲ್ಲಿ 16 ವರ್ಷದ ಹುಡುಗಿಗೆ ರಾತ್ರೋರಾತ್ರಿ ಬೇರೆ ಊರಿನ ಗುಡಿಯಲ್ಲಿ ಮದುವೆ ಮಾಡಿಸಿ ಕರೆತಂದರು. ಕೇಳಿದರೆ ಹಿರಿಯರು, "ತಾಳಿ ಬಿದ್ದ ಮೇಲೆ ಮುಗೀತವ್ವ, ಇನ್ನ ಯಾವ ಕಾನೂನು" ಎನ್ನುತ್ತಾರೆ. ತರಬೇತಿಯಲ್ಲಿ ನಮಗೆ ವಿಶ್ವಸಂಸ್ಥೆಯ ಒಡಂಬಡಿಕೆಯ ಬಗ್ಗೆ ಹೇಳಿದ್ದರು. ಅದರಿಂದ ಈ ಮದುವೆ ರದ್ದಾಗುತ್ತದೆಯೇ?
(ಅಂಗನವಾಡಿ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ)

ಉತ್ತರ: ಆ ಒಡಂಬಡಿಕೆಯಿಂದ ರದ್ದಾಗುವುದಿಲ್ಲ. ಆದರೆ ಕರ್ನಾಟಕದ ಕಾನೂನಿನ ಕಣ್ಣಿಗೆ ಆ ಮದುವೆ ಆಗಿಯೇ ಇಲ್ಲ.

ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಬಾಲ್ಯವಿವಾಹವನ್ನು ಹೆಸರಿಸಿ ನಿಷೇಧಿಸುವ ವಿಧಿಯೇ ಇಲ್ಲ. ಮಕ್ಕಳ ಆರೋಗ್ಯಕ್ಕೆ ಹಾನಿ ಮಾಡುವ ಸಾಂಪ್ರದಾಯಿಕ ಆಚರಣೆಗಳನ್ನು ತೊಡೆದುಹಾಕಬೇಕೆಂಬ 24ನೆಯ ವಿಧಿಯ ಮಾತಿನಿಂದ ಅದನ್ನು ಊಹಿಸಿಕೊಳ್ಳಬೇಕು. ಮಗುವಿನ ನಿಶ್ಚಿತಾರ್ಥಕ್ಕೂ ಮದುವೆಗೂ ಕಾನೂನಿನ ಮಾನ್ಯತೆ ಇರಬಾರದೆಂದು ನೇರವಾಗಿ ಹೇಳಿರುವುದು ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಒಡಂಬಡಿಕೆ, ಅದರ 16ನೆಯ ವಿಧಿಯಲ್ಲಿ. ಭಾರತ ಅದನ್ನು 1993ರಲ್ಲಿ ಅನುಮೋದಿಸಿತು. ಆದರೂ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ, ಅಪಹರಣ ಅಥವಾ ಮಾರಾಟದಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಇಂಥ ಮದುವೆಯನ್ನು ಹುಟ್ಟಿನಿಂದಲೇ ಅಸಿಂಧು ಎನ್ನಲಿಲ್ಲ. ಹುಡುಗಿಯೇ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿ ರದ್ದು ಮಾಡಿಸಿಕೊಳ್ಳಬೇಕು ಎಂದಿತು. ಗಂಡನ ಮನೆಯಲ್ಲಿರುವ 16ರ ಹುಡುಗಿ ಗಂಡನ ವಿರುದ್ಧ ಜಿಲ್ಲಾ ಕೇಂದ್ರಕ್ಕೆ ಹೋಗಿ ಅರ್ಜಿ ಹಾಕುವುದು ಎಷ್ಟು ಸಾಧ್ಯವೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಈ ಕೊರತೆಯನ್ನು ತುಂಬಿದ್ದು ಕರ್ನಾಟಕ. ನಮ್ಮ ರಾಜ್ಯ 2016ರ ತಿದ್ದುಪಡಿಯ ಮೂಲಕ 3ನೆಯ ಕಲಮಿಗೆ ಒಂದು ಉಪಕಲಮನ್ನು ಸೇರಿಸಿ, ತಿದ್ದುಪಡಿ ಜಾರಿಗೆ ಬಂದ ನಂತರ ನಡೆಯುವ ಪ್ರತಿಯೊಂದು ಬಾಲ್ಯವಿವಾಹವೂ ಆರಂಭದಿಂದಲೇ ಅಸಿಂಧು ಎಂದು ಘೋಷಿಸಿತು. ಮೇಲೆ ಹೇಳಿದ 2017ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಈ ಹೆಜ್ಜೆಯನ್ನು ಮೆಚ್ಚಿ, ಉಳಿದ ರಾಜ್ಯಗಳೂ ಇದೇ ದಾರಿ ಹಿಡಿಯಬೇಕೆಂದು ಬರೆದಿದೆ. ಆದ್ದರಿಂದ ಹಿರಿಯರಿಗೆ ನೀವು ಧೈರ್ಯವಾಗಿ ಹೇಳಬಹುದು: ತಾಳಿ ಬಿದ್ದರೂ ಇದು ಮದುವೆಯಲ್ಲ, ಮಾಡಿಸಿದವರ ಮೇಲೆ ಮೊಕದ್ದಮೆ ಮಾತ್ರ ಉಂಟು.

ತಕ್ಷಣ ಮಾಡಬೇಕಾದದ್ದು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ನಿಮ್ಮ ಮೇಲ್ವಿಚಾರಕಿಗೂ ಬಾಲ್ಯವಿವಾಹ ನಿಷೇಧಾಧಿಕಾರಿಗೂ ಬರವಣಿಗೆಯಲ್ಲಿ ತಿಳಿಸುವುದು. ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕಾಗುತ್ತದೆ. ಅಲ್ಲಿ ಅವಳ ಮಾತನ್ನು ಅವಳಿಂದಲೇ, ಮನೆಯವರು ಹತ್ತಿರವಿಲ್ಲದಾಗ, ಕೇಳುವಂತೆ ನೋಡಿಕೊಳ್ಳಿ. ಅವಳು ಎಲ್ಲಿರಬೇಕು, ಮತ್ತೆ ಶಾಲೆಗೆ ಹೇಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವಾಗ ಒಡಂಬಡಿಕೆಯ 12ನೆಯ ವಿಧಿಯನ್ನು, ಅಂದರೆ ತನಗೆ ಸಂಬಂಧಿಸಿದ ವಿಷಯದಲ್ಲಿ ತನ್ನ ಅಭಿಪ್ರಾಯ ಹೇಳುವ ಮಗುವಿನ ಹಕ್ಕನ್ನು, ನೀವು ಖಂಡಿತ ಎತ್ತಿ ಹೇಳಿ.

ಪ್ರಶ್ನೆ: ನಮ್ಮದು ಸಣ್ಣ ಹೋಟೆಲು. ಏಳನೆಯ ತರಗತಿಯ ಮಗ ಸಂಜೆ ಗಲ್ಲಾದಲ್ಲಿ ಕೂರುತ್ತಾನೆ. ಇದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧವೆಂದು ಪಕ್ಕದ ಅಂಗಡಿಯವರು ಹೆದರಿಸುತ್ತಿದ್ದಾರೆ.
(ಓದುಗರು, ಅರಸೀಕೆರೆ)

ಉತ್ತರ: ಹೆದರಬೇಕಾಗಿಲ್ಲ, ಎಚ್ಚರಿಕೆ ಮಾತ್ರ ಬೇಕು. 2016ರ ತಿದ್ದುಪಡಿಯ ನಂತರ 14 ತುಂಬದ ಮಗುವನ್ನು ಯಾವ ಉದ್ಯೋಗಕ್ಕೂ ಇಟ್ಟುಕೊಳ್ಳುವಂತಿಲ್ಲ. ಆದರೆ ಅಪಾಯಕಾರಿಯಲ್ಲದ ಸ್ವಂತ ಕುಟುಂಬದ ಕೆಲಸದಲ್ಲಿ, ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ, ಓದಿಗೆ ತೊಂದರೆಯಾಗದಂತೆ ಮಗು ನೆರವಾಗಬಹುದು. ಒಲೆ, ಕುದಿಯುವ ಎಣ್ಣೆ, ಗ್ಯಾಸ್ ಸಿಲಿಂಡರುಗಳ ಹತ್ತಿರ ಅವನನ್ನು ಬಿಡಬೇಡಿ, ಮನೆಪಾಠದ ಹೊತ್ತಿಗೆ ಗಲ್ಲಾದಿಂದ ಎಬ್ಬಿಸಿ. ಪಕ್ಕದವರ ಮಾತಿಗೂ ಒಂದು ಹಿನ್ನೆಲೆ ಇದೆ. ಒಡಂಬಡಿಕೆಯ 32ನೆಯ ವಿಧಿ ಉದ್ಯೋಗಕ್ಕೆ ಕನಿಷ್ಠ ವಯಸ್ಸನ್ನು ಗೊತ್ತುಪಡಿಸಬೇಕೆನ್ನುತ್ತದೆ. ಎಲ್ಲ ಉದ್ಯೋಗಗಳಿಗೂ ತಕ್ಷಣವೇ ಹಾಗೆ ಮಾಡಲಾಗದು, ಹಂತ ಹಂತವಾಗಿ ಮಾಡುತ್ತೇವೆಂದು ಭಾರತ ಸೇರುವಾಗಲೇ ಘೋಷಿಸಿತ್ತು. 2017ರ ಜೂನಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138 ಮತ್ತು 182ನೆಯ ಒಡಂಬಡಿಕೆಗಳನ್ನೂ ಭಾರತ ಅನುಮೋದಿಸಿದ ಮೇಲೆ ಆ ಹಳೆಯ ಘೋಷಣೆಯನ್ನು ಇಟ್ಟುಕೊಳ್ಳಲು ಕಾರಣವೇ ಉಳಿದಿಲ್ಲ, ಅದನ್ನು ಹಿಂತೆಗೆದುಕೊಳ್ಳಬೇಕು ಎಂಬುದು ನನ್ನ ನಿಲುವು.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ರಜೆಗೆಂದು ಮೈಸೂರಿಗೆ ಮಗನನ್ನು ಕರೆದೊಯ್ದ ಪತಿ ಹಿಂತಿರುಗಿಲ್ಲ, ಮಗುವನ್ನೂ ಕಳುಹಿಸುತ್ತಿಲ್ಲ. ಮಗುವಿಗೆ ಐದು ವರ್ಷ. ಇಲ್ಲಿನ ನ್ಯಾಯಾಲಯ ಮಗುವನ್ನು ನನ್ನ ಸುಪರ್ದಿಗೆ ಕೊಡುವಂತೆ ಆದೇಶಿಸಿದೆ. ಇಂಥದಕ್ಕೆ ಅಂತರರಾಷ್ಟ್ರೀಯ ಒಪ್ಪಂದವಿದೆ ಎಂದು ಕೇಳಿದ್ದೇನೆ. ಅದು ಭಾರತಕ್ಕೆ ಅನ್ವಯಿಸುವುದಿಲ್ಲವೇ?
(ಓದುಗರು, ನ್ಯೂಜೆರ್ಸಿ)

ಉತ್ತರ: ಸಹೋದರಿ, ನೀವು ಕೇಳಿರುವುದು 1980ರ ಹೇಗ್ ಒಡಂಬಡಿಕೆ. ಒಂದು ದೇಶದಲ್ಲಿ ನೆಲೆಸಿದ್ದ 16ರ ಒಳಗಿನ ಮಗುವನ್ನು ತಂದೆ ಅಥವಾ ತಾಯಿ ಅಕ್ರಮವಾಗಿ ಇನ್ನೊಂದು ದೇಶಕ್ಕೆ ಕೊಂಡೊಯ್ದರೆ ಬೇಗನೆ ಮರಳಿಸಬೇಕು, ಸುಪರ್ದಿಯ ವಿವಾದವನ್ನು ಮಗುವಿನ ಸ್ವಂತ ನೆಲೆಯ ನ್ಯಾಯಾಲಯವೇ ತೀರ್ಮಾನಿಸಬೇಕು ಎಂಬುದು ಅದರ ಸಾರ. ಅಮೆರಿಕ ಅದಕ್ಕೆ ಸೇರಿದೆ, ಭಾರತ ಸೇರಿಲ್ಲ. ಮಕ್ಕಳ ಹಕ್ಕುಗಳ ಒಡಂಬಡಿಕೆಯ ವಿಷಯದಲ್ಲಿ ಇದು ತಿರುವುಮುರುವು: ಭಾರತ ಸೇರಿದೆ, ಅಮೆರಿಕ 1995ರಲ್ಲಿ ಸಹಿ ಹಾಕಿಯೂ ಇಂದಿನವರೆಗೆ ಅನುಮೋದಿಸಿಲ್ಲ. ಹೀಗಾಗಿ ನಿಮ್ಮ ಮಗುವಿನ ವಿಷಯದಲ್ಲಿ ಎರಡೂ ದೇಶಗಳನ್ನು ಕಟ್ಟಿಹಾಕುವ ಒಪ್ಪಂದ ಈ ಎರಡರಲ್ಲಿ ಒಂದೂ ಇಲ್ಲ.

ಹಾಗೆಂದು ದಾರಿ ಮುಚ್ಚಿಲ್ಲ. ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಲು ಆದೇಶಿಸುವಂತೆ ಕೋರುವ ಅರ್ಜಿ, ಸಲ್ಲಿಸಬಹುದು. ಜೊತೆಗೆ ಸುಪರ್ದಿಗಾಗಿ ಕೌಟುಂಬಿಕ ನ್ಯಾಯಾಲಯಕ್ಕೂ ಹೋಗಬಹುದು. ಅಮೆರಿಕದ ಆದೇಶವನ್ನು ನಮ್ಮ ನ್ಯಾಯಾಲಯ ಗೌರವದಿಂದ ನೋಡುತ್ತದೆ, ಆದರೆ ಕಣ್ಣುಮುಚ್ಚಿ ಜಾರಿಗೊಳಿಸುವುದಿಲ್ಲ. ವಿದೇಶಿ ಆದೇಶ ಪರಿಗಣಿಸಬೇಕಾದ ಹಲವು ಅಂಶಗಳಲ್ಲಿ ಒಂದು, ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮಿಗಿಲು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. 2020ರ ಇನ್ನೊಂದು ತೀರ್ಪಿನಲ್ಲಿ, ತಂದೆ ತಾಯಿ ಇಬ್ಬರ ಒಡನಾಟವೂ ಮಗುವಿನ ಹಕ್ಕು, ಬೇರೆ ದೇಶದಲ್ಲಿರುವ ಪಾಲಕರ ಜೊತೆ ಮಗು ದಿನವೂ ವಿಡಿಯೊ ಕರೆಯಲ್ಲಿ ಮಾತನಾಡುವಂತೆ ವ್ಯವಸ್ಥೆ ಇರಬೇಕು ಎಂದಿದೆ. ಈ ತೀರ್ಪಿನ ಆಧಾರದ ಮೇಲೆ ಮೊದಲ ದಿನವೇ ಮಧ್ಯಂತರ ಆದೇಶ ಕೇಳಿ. ತಂದೆ ತಾಯಿ ಬೇರೆಬೇರೆ ದೇಶಗಳಲ್ಲಿದ್ದರೂ ಮಗುವಿಗೆ ಇಬ್ಬರ ನೇರ ಸಂಪರ್ಕವೂ ಇರಬೇಕೆಂಬ ಮಕ್ಕಳ ಹಕ್ಕುಗಳ ಒಡಂಬಡಿಕೆಯ 10ನೆಯ ವಿಧಿಯನ್ನು ನಿಮ್ಮ ವಕೀಲರು ಇದರ ಪಕ್ಕದಲ್ಲಿಟ್ಟು ವಾದಿಸಲಿ.

ತಡ ಮಾತ್ರ ಮಾಡಬೇಡಿ. ಮಗು ಇಲ್ಲಿನ ಶಾಲೆಗೆ, ಅಜ್ಜ ಅಜ್ಜಿಗೆ, ಭಾಷೆಗೆ ಒಗ್ಗಿದಷ್ಟೂ ಅವನನ್ನು ಮತ್ತೆ ಕದಲಿಸಲು ನ್ಯಾಯಾಲಯ ಹಿಂಜರಿಯುತ್ತದೆ. ಭಾರತ ಹೇಗ್ ಒಡಂಬಡಿಕೆಗೆ ಸೇರಬೇಕೆಂದು ಕಾನೂನು ಆಯೋಗ 2009ರ ವರದಿಯಲ್ಲೇ ಶಿಫಾರಸು ಮಾಡಿತ್ತು. ಗಂಡನ ಹಿಂಸೆ ತಾಳಲಾರದೆ ಮಗುವನ್ನು ಎತ್ತಿಕೊಂಡು ತವರಿಗೆ ಬರುವ ತಾಯಂದಿರನ್ನು ಆ ಒಡಂಬಡಿಕೆ ಅಪರಾಧಿಗಳಂತೆ ಕಾಣುತ್ತದೆಂಬ ಆತಂಕ ಅದಕ್ಕೆ ಎದುರಾಗಿ ನಿಂತಿದೆ. ಆ ಆತಂಕ ಹುಸಿಯಲ್ಲ. ಅಂಥ ತಾಯಂದಿರಿಗೆ ರಕ್ಷಣೆ ಕೊಡುವ ಕಲಮುಗಳಿರುವ ಕಾನೂನನ್ನು ಮಾಡಿಕೊಂಡು ಸೇರುವುದು ಸಾಧ್ಯವಿದೆ, ಆ ಕೆಲಸ ಇಷ್ಟು ವರ್ಷ ನಿಂತಿರುವುದು ಸರಿಯಲ್ಲ.

ಪ್ರಶ್ನೆ: ಇಲ್ಲಿ ನ್ಯಾಯ ಸಿಗದಿದ್ದರೆ ಜಿನೀವಾಕ್ಕೆ ದೂರು ಬರೆಯಬಹುದೇ?
(ನಿವೃತ್ತ ಮುಖ್ಯೋಪಾಧ್ಯಾಯರು, ಮೈಸೂರು)

ಉತ್ತರ: ಬರೆದರೂ ನಿಮ್ಮ ದೂರನ್ನು ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ ವಿಚಾರಣೆಗೆ ತೆಗೆದುಕೊಳ್ಳಲಾರದು. ಒಬ್ಬ ಮಗುವಿನ ಪರವಾಗಿ ದೂರು ಕೊಡುವ ವ್ಯವಸ್ಥೆ ಮಾಡಿದ್ದು ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಪೂರಕವಾದ, ಬೇಕಾದ ದೇಶಗಳು ಮಾತ್ರ ಸೇರುವ ಒಪ್ಪಂದವಾದ 2011ರ ಮೂರನೆಯ ಐಚ್ಛಿಕ ಪ್ರೋಟೋಕಾಲ್. ಅದು 2014ರಲ್ಲಿ ಜಾರಿಗೆ ಬಂದಿದೆ, ಭಾರತ ಅದಕ್ಕೆ ಸೇರಿಲ್ಲ. ಸೇರಬೇಕೆಂದು ಒತ್ತಾಯಿಸುವ ಹಕ್ಕು ನಮಗೆಲ್ಲ ಇದೆ. 18 ತಜ್ಞರ ಜಿನೀವಾ ಸಮಿತಿ ಭಾರತದ ವಿಷಯದಲ್ಲಿ ಮಾಡಬಹುದಾದದ್ದು ಸರ್ಕಾರ ಕೊಡುವ ವರದಿಗಳನ್ನು ಪರಿಶೀಲಿಸಿ, ಪ್ರಶ್ನಿಸಿ, ಶಿಫಾರಸು ಮಾಡುವುದು. 2000, 2004 ಮತ್ತು 2014ರಲ್ಲಿ ಅದು ಹಾಗೆ ಮಾಡಿದೆ. ಮಕ್ಕಳ ಪರ ಸಂಘಟನೆಗಳು ಆ ಸಮಯದಲ್ಲಿ ತಮ್ಮದೇ ಪರ್ಯಾಯ ವರದಿಯನ್ನು ಕೊಡಬಹುದು.

ನಿಮಗೆ ಹತ್ತಿರದ ವಿಳಾಸ ಬೆಂಗಳೂರಿನಲ್ಲಿದೆ, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಇಲ್ಲಿ ವಕೀಲರೂ ಹಲವು ಸಲ ಗಮನಿಸದ ಒಂದು ಸಂಗತಿ ಇದೆ. ಆಯೋಗಗಳನ್ನು ಹುಟ್ಟುಹಾಕಿದ 2005ರ ಕಾಯ್ದೆಯ 2ನೆಯ ಕಲಂ ಮಕ್ಕಳ ಹಕ್ಕುಗಳ ವ್ಯಾಖ್ಯೆ ಕೊಡುವಾಗ, 1989ರ ನವೆಂಬರ್ 20ರ ಒಡಂಬಡಿಕೆಯಲ್ಲಿರುವ ಹಕ್ಕುಗಳು ಅದರಲ್ಲಿ ಸೇರಿವೆಯೆಂದು ನೇರವಾಗಿ ಹೇಳುತ್ತದೆ. ಅಂದರೆ ನ್ಯಾಯಾಲಯದ ಮುಂದೆ ಒಡಂಬಡಿಕೆಯ ವಿಧಿಯೊಂದನ್ನೇ ಹಿಡಿದು ನಿಲ್ಲುವುದು ಕಷ್ಟವಾದರೂ ಆಯೋಗದ ಮುಂದೆ ಅದರ ಯಾವುದೇ ವಿಧಿಯ ಉಲ್ಲಂಘನೆಯ ಬಗ್ಗೆ ದೂರು ಕೊಡಬಹುದು. ಅಧಿಕಾರಿಗಳಿಗೆ ಸಮನ್ಸ್ ಕಳುಹಿಸುವ, ಕಡತ ತರಿಸುವ ವಿಷಯದಲ್ಲಿ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಕೊನೆಗೆ ಅದು ಕೊಡುವುದು ಶಿಫಾರಸು ಮಾತ್ರ, ಆದರೆ ಆ ಶಿಫಾರಸನ್ನು ಹಿಡಿದು ಹೈಕೋರ್ಟಿಗೆ ಹೋಗುವ ಅರ್ಜಿಗೆ ಬಲ ಬೇರೆಯೇ ಇರುತ್ತದೆ.

ಪ್ರಶ್ನೆ: ನಾನು ಎಂಟನೆಯ ತರಗತಿ. ಎರಡು ವರ್ಷದಿಂದ ಮಕ್ಕಳ ಗ್ರಾಮಸಭೆಯಲ್ಲಿ ನಮ್ಮ ಶಾಲೆಗೆ ಹುಡುಗಿಯರ ಶೌಚಾಲಯ ಬೇಕು ಅಂತ ಕೇಳುತ್ತಿದ್ದೇವೆ. "ಬರಕೊಂಡಿದ್ದೀವಿ, ಮಾಡೋಣ" ಅಂತಾರೆ. ನಾವು ಮಕ್ಕಳು ಕೇಳಿದ್ದಕ್ಕೆ ದೊಡ್ಡವರು ಉತ್ತರ ಕೊಡಲೇಬೇಕು ಅಂತ ಕಾನೂನು ಇದೆಯಾ?
(ವಿದ್ಯಾರ್ಥಿನಿ, ಹೊಸದುರ್ಗ ತಾಲ್ಲೂಕು)

ಉತ್ತರ: ಇದೆ ಮಗು. ನಿಮ್ಮ ಮಾತನ್ನು ಕೇಳಿಸಿಕೊಂಡರೆ ಸಾಲದು, ನಿಮ್ಮ ವಯಸ್ಸಿಗೂ ತಿಳಿವಳಿಕೆಗೂ ತಕ್ಕ ಬೆಲೆಯನ್ನು ಅದಕ್ಕೆ ಕೊಡಬೇಕೆಂದು ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಮಕ್ಕಳ ಗ್ರಾಮಸಭೆ ಆ ವಿಧಿಯನ್ನು ಹಳ್ಳಿಗೆ ತಂದ ಒಳ್ಳೆಯ ಏರ್ಪಾಟು. ಆದರೆ ನಿನ್ನ ಶೌಚಾಲಯಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ನಮ್ಮ ದೇಶದ ಕಾನೂನಿನಲ್ಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 19ನೆಯ ಕಲಂ ಮತ್ತು ಅದರ ಅನುಸೂಚಿ, ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಶೌಚಾಲಯ ಪ್ರತಿ ಶಾಲೆಯಲ್ಲೂ ಇರಬೇಕೆನ್ನುತ್ತವೆ. ಸುಪ್ರೀಂ ಕೋರ್ಟೂ 2012ರಲ್ಲಿ ಎಲ್ಲ ರಾಜ್ಯಗಳಿಗೆ ಆರು ತಿಂಗಳ ಗಡುವು ಕೊಟ್ಟು ಇದನ್ನೇ ಆದೇಶಿಸಿತ್ತು.

ನೀನು ಮತ್ತು ನಿನ್ನ ಗೆಳತಿಯರು ಹೀಗೆ ಮಾಡಿ. ಎರಡೂ ವರ್ಷದ ಮಕ್ಕಳ ಗ್ರಾಮಸಭೆಯ ನಡಾವಳಿಯ ಪ್ರತಿಯನ್ನು ಪಂಚಾಯಿತಿಯ ಪಿಡಿಒ ಅವರಿಂದ ಕೇಳಿ ಪಡೆಯಿರಿ. ಅದನ್ನು ಲಗತ್ತಿಸಿ, ಅದೇ ಕಾಯ್ದೆಯ 32ನೆಯ ಕಲಮಿನ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಆ ಕಲಂ ಯಾವ ವ್ಯಕ್ತಿ ಬೇಕಾದರೂ ದೂರು ಕೊಡಬಹುದು ಎನ್ನುತ್ತದೆ, ಇಷ್ಟು ವಯಸ್ಸಾಗಿರಬೇಕು ಎಂದು ಎಲ್ಲೂ ಹೇಳಿಲ್ಲ. ದೂರು ಕೊಟ್ಟದ್ದಕ್ಕೆ ಮೊಹರು ಹಾಕಿದ ಸ್ವೀಕೃತಿ ತೆಗೆದುಕೊಳ್ಳಿ. ಮೂರು ತಿಂಗಳೊಳಗೆ ಅವರು ತೀರ್ಮಾನಿಸಬೇಕು. ಆ ತೀರ್ಮಾನ ಸರಿಯೆನಿಸದಿದ್ದರೆ ಮೇಲಿನ ಉತ್ತರದಲ್ಲಿ ಹೇಳಿದ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗುತ್ತದೆ. ಗಡುವು ದಾಟಿದರೂ ಉತ್ತರವೇ ಬರದಿದ್ದರೆ ಅದೇ ಆಯೋಗಕ್ಕೆ ದೂರು ಬರೆಯಿರಿ. ಅದರ ಪ್ರತಿಯೊಂದನ್ನು ಈ ಪತ್ರಿಕೆಯ ವಿಳಾಸಕ್ಕೂ ಕಳುಹಿಸು, ಅರ್ಜಿಯನ್ನು ಓದಿ ತಿದ್ದಿಕೊಡುವ ಕೆಲಸ ನನ್ನದು.